ಮನೇಲಿ ಪಾಸೋವರ್: ಮಕ್ಕಳು ತಟ್ಟೆ ಪಕ್ಕದಲ್ಲೇ ನಿದ್ದೆ ಹೋಗದ ಹಾಗೆ ಸೇಡರ್ ಮಾಡೋದು ಹೇಗೆ

ನಾನು ಹುಟ್ಟಿ ಬೆಳೆದಿದ್ದು ಮೈಸೂರು, ಸೊಸೆಯಾಗಿ ಸೇರಿದ್ದು ನ್ಯೂಜೆರ್ಸಿಯ ಒಂದು ಯಹೂದಿ ಮನೆ. ಈಗ ಮಗಳಿಗೆ ಒಂಬತ್ತು, ಮಗನಿಗೆ ಐದು. ಮಗಳು ನಾಲ್ಕು ವರ್ಷದವಳಿದ್ದಾಗ ಮೊದಲ ಸಲ ನಮ್ಮನೇಲೇ ಪಾಸೋವರ್ ಊಟ ಇಟ್ಕೊಂಡ್ವಿ, ನಮ್ಮ ಕಡೆ ಪೂಜೆ ಮುಗಿಯೋವರೆಗೂ ಮಕ್ಕಳು ಏನೂ ಮುಟ್ಟಬಾರದು ತಾನೇ, ಅದೇ ಅಭ್ಯಾಸದಲ್ಲಿ ಅವಳನ್ನ ಸುಮ್ನೆ ಕೂರಿಸಿದೆ, ಓದಿದ್ದೂ ಓದಿದ್ದೇ, ರಾತ್ರಿ ಒಂಬತ್ತೂವರೆಗೆ ಊಟ ಬರೋ ಹೊತ್ತಿಗೆ ಮಗು ತಟ್ಟೆ ಪಕ್ಕ ತಲೆಯಿಟ್ಟು ಗಾಢ ನಿದ್ದೆ. ನಾನೇನೋ ಮಗು ಗಲಾಟೆ ಮಾಡ್ಲಿಲ್ಲ ಅಂತ ಹೆಮ್ಮೆಯಲ್ಲಿದ್ದೆ. ನಮ್ಮತ್ತೆ ಮಾತ್ರ ಬೇಜಾರು ಮಾಡ್ಕೊಂಡ್ರು, ಹಬ್ಬ ಇರೋದೇ ಅವಳಿಗೋಸ್ಕರ, ಅವಳೇ ಮಲಗಿದ್ಮೇಲೆ ನಾವು ಯಾರಿಗೆ ಕಥೆ ಹೇಳಿದ ಹಾಗಾಯ್ತು ಅಂದ್ರು.

ಅವತ್ತಿಂದ ಕಲಿತಿದ್ದನ್ನ ಬರೀತಿದ್ದೀನಿ. ನನ್ನ ಹಾಗೆ ಎರಡು ಕಡೆಯ ಸಂಸಾರ ಇರೋ ಕನ್ನಡದವರು ಆಗಾಗ ಕೇಳ್ತಾರೆ, ಮಕ್ಕಳನ್ನ ಕರ್ಕೊಂಡು ಸ್ನೇಹಿತರ ಮನೆ ಸೇಡರ್‌ಗೆ ಹೋಗೋರೂ ಕೇಳ್ತಾರೆ.

ಗೊತ್ತಿಲ್ಲದವರಿಗೆ ಎರಡು ಮಾತು. ಕನ್ನಡ ಬೈಬಲ್‌ನಲ್ಲಿ ಪಸ್ಕಹಬ್ಬ ಅಂತ ಬರತ್ತಲ್ಲ, ಅದೇ ಇದು, ಹೀಬ್ರೂನಲ್ಲಿ ಪೆಸಾಹ್. ಈಜಿಪ್ಟ್‌ನಲ್ಲಿ ಫರೋಹ ಅನ್ನೋ ರಾಜನ ಕೈಕೆಳಗೆ ಗುಲಾಮರಾಗಿದ್ದ ಯಹೂದಿಗಳ ಪೂರ್ವಜರು ತಮ್ಮ ನಾಯಕ ಮೋಶೆಯ ಹಿಂದೆ ಹೊರಟು ಬಂದ ಕಥೆ. ನಿಸಾನ್ ತಿಂಗಳ 15ಕ್ಕೆ ಶುರು, ಅಂದ್ರೆ ಹುಣ್ಣಿಮೆ. ಅವರದ್ದೂ ಚಂದ್ರನ ಕ್ಯಾಲೆಂಡರ್, 19 ವರ್ಷಕ್ಕೆ 7 ಸಲ ಅಧಿಕ ಮಾಸ ಸೇರಿಸ್ತಾರೆ, ಹಾಗಾಗಿ ಎಷ್ಟೋ ವರ್ಷ ನಮ್ಮ ಯುಗಾದಿ ಆಗಿ ಎರಡು ವಾರಕ್ಕೆ ಇದು ಬಂದಿರತ್ತೆ. 2026ರಲ್ಲಿ ಏಪ್ರಿಲ್ 1ರ ಸಂಜೆ, 2027ರಲ್ಲಿ ಏಪ್ರಿಲ್ 21ರ ಸಂಜೆ. ಇಸ್ರೇಲ್‌ನಲ್ಲಿ 7 ದಿನ, ಹೊರಗಡೆ ಬಹಳ ಮನೆಗಳಲ್ಲಿ 8 ದಿನ. ಮೊದಲ ರಾತ್ರಿ, ಹೊರದೇಶದಲ್ಲಾದ್ರೆ ಎರಡನೇ ರಾತ್ರಿನೂ, ಟೇಬಲ್ ಸುತ್ತ ಕೂತು ಹಗ್ಗಾದಾ ಅನ್ನೋ ಪುಸ್ತಕ ನೋಡ್ಕೊಂಡು ಕಥೆ ಹೇಳಿ ಊಟ ಮಾಡೋದೇ ಸೇಡರ್. ಸೇಡರ್ ಅಂದ್ರೆ ಕ್ರಮ ಅಂತ ಅರ್ಥ, ಒಟ್ಟು 15 ಹಂತ.

ಈಗ ಮುಖ್ಯ ವಿಷಯ. ಈ ಕ್ರಮವನ್ನ ಮಾಡಿರೋದೇ ಮಕ್ಕಳು "ಯಾಕೆ?" ಅಂತ ಕೇಳ್ಲಿ ಅಂತ. ಊಟಕ್ಕೆ ಮುಂಚೆ ಸೊಪ್ಪನ್ನ ಉಪ್ಪುನೀರಲ್ಲಿ ಅದ್ದೋದು, ರೊಟ್ಟಿ ಮುರಿದು ಬಚ್ಚಿಡೋದು, ದಿಂಬಿಗೆ ಒರಗಿ ಕೂರೋದು, ಎಲ್ಲ ಬೇಕಂತಲೇ ವಿಚಿತ್ರ. ಯಹೂದಿಗಳ ಹಳೇ ಧರ್ಮಗ್ರಂಥ ತಾಲ್ಮುದ್‌ನ ಪೆಸಾಹಿಮ್ ಭಾಗದಲ್ಲಿ ಹೇಳಿದೆ, ರಬ್ಬಿ (ಧರ್ಮಗುರು) ಅಕೀವಾ ಹಬ್ಬದ ಸಂಜೆ ಮಕ್ಕಳು ನಿದ್ದೆ ಹೋಗದೆ ಪ್ರಶ್ನೆ ಕೇಳ್ಲಿ ಅಂತ ಹುರಿದ ಕಾಳು, ಬೀಜ ಹಂಚ್ತಿದ್ರಂತೆ. ನೋಡಿ, ಹುರಿಗಾಳು ಕೊಟ್ಟು ಮಕ್ಕಳನ್ನ ಎಚ್ಚರ ಇಡೋ ಉಪಾಯ ಇವರಿಗೂ ಸುಮಾರು ಎರಡು ಸಾವಿರ ವರ್ಷದಿಂದ ಗೊತ್ತು. ಆದ್ದರಿಂದ ನನ್ನ ಸಲಹೆ ಇಷ್ಟೇ, ಹೊರಗಿನ ಎಂಟರ್‌ಟೇನ್‌ಮೆಂಟ್ ತುರುಕೋಕೆ ಹೋಗ್ಬೇಡಿ, ಒಳಗಿರೋ ವಿಚಿತ್ರಗಳನ್ನೇ ಮಕ್ಕಳ ಕೈಗೆ ಕೊಡಿ, ಮತ್ತೆ ಅವರು ಕೇಳೋಕೆ ಮುಂಚೆ ಉತ್ತರ ಹೇಳ್ಬೇಡಿ.

ಮೂರು ವಾರ ಮುಂಚೆ: ಪ್ರಶ್ನೆ ಬಾಯಿಪಾಠ

ಮನೇಲಿ ಎಲ್ಲರಿಗಿಂತ ಚಿಕ್ಕ ಮಗು "ಮಾ ನಿಶ್ತಾನಾ" ಹಾಡ್ಬೇಕು, ಈ ರಾತ್ರಿ ಬೇರೆ ರಾತ್ರಿಗಳ ಹಾಗೆ ಯಾಕಿಲ್ಲ ಅನ್ನೋ ಪ್ರಶ್ನೆ. ಅದರಲ್ಲಿ ನಾಲ್ಕು ಭಾಗ: ಬೇರೆ ದಿನ ಉಬ್ಬಿದ ರೊಟ್ಟಿನೂ ತಿಂತೀವಿ, ಇವತ್ತು ಬರೀ ಮಾಟ್ಸಾ, ಅಂದ್ರೆ ಉಬ್ಬದ ರೊಟ್ಟಿ, ಯಾಕೆ, ಬೇರೆ ದಿನ ಎಲ್ಲಾ ಸೊಪ್ಪೂ ತಿಂತೀವಿ, ಇವತ್ತು ಕಹಿದೇ ಯಾಕೆ, ಬೇರೆ ದಿನ ಒಂದ್ಸಲನೂ ಅದ್ದಲ್ಲ, ಇವತ್ತು ಎರಡು ಸಲ ಯಾಕೆ, ಬೇರೆ ದಿನ ಹೇಗೆ ಬೇಕಾದ್ರೂ ಕೂರ್ತೀವಿ, ಇವತ್ತು ಎಲ್ಲರೂ ಒರಗಿ ಕೂರೋದು ಯಾಕೆ. ಐದು ವರ್ಷದ ಮಗುಗೆ ನಾಲ್ಕೂ ಬೇಡ, ಮೊದಲ ಸಾಲು ಬಂದ್ರೆ ಸಾಕು, ಮಿಕ್ಕಿದ್ದು ಅಕ್ಕನೋ ಅಣ್ಣನೋ ಸೇರಿಸ್ಕೊಳ್ತಾರೆ. ದಿನಾ ಸ್ಕೂಲಿಗೆ ಹೋಗೋವಾಗ ಕಾರಲ್ಲಿ ಹಾಡ್ಸಿ, ಡೆಸ್ಕ್ ಮುಂದೆ ಕೂರಿಸಿದ್ರೆ ಹೋಂವರ್ಕ್ ಅನ್ಸಿಬಿಡತ್ತೆ.

ಈ ಪ್ರಶ್ನೆಗಳನ್ನ ಬೇರೆ ಬೇರೆ ಭಾಷೇಲಿ ಕೇಳೋದು ಬಹಳ ಮನೆಗಳಲ್ಲಿ ಇದೆ, ಅದಕ್ಕೆ ನಮ್ಮಲ್ಲಿ ಕನ್ನಡದಲ್ಲೂ ಕೇಳಿಸ್ತೀವಿ. ಭಾನುವಾರ ಬೆಳಗ್ಗೆ ಮೈಸೂರಿನ ಅಜ್ಜಿಗೆ ವಾಟ್ಸಾಪ್‌ನಲ್ಲಿ ರಿಹರ್ಸಲ್. ನಮ್ಮಮ್ಮ ಮೊದಲ ವರ್ಷ ಸುಮ್ನೆ ಕೇಳಿದ್ರು, ಎರಡನೇ ವರ್ಷ "ಅಲ್ಲ ಪುಟ್ಟ, ಯಾಕೆ ಎರಡು ಸಲ ಅದ್ದೋದು, ನೀನು ಕೇಳ್ತೀಯ ಅಷ್ಟೇ, ಉತ್ತರ ಹೇಳಲ್ವಲ್ಲ" ಅಂತ ಹಿಡ್ಕೊಂಡ್ರು, ಮಗ ಓಡಿಹೋಗಿ ಅಪ್ಪನ್ನ ಕೇಳ್ಕೊಂಡು ಬಂದ. ಇದಕ್ಕಿಂತ ಒಳ್ಳೆ ತಯಾರಿ ಇಲ್ಲ.

ಕ್ಲೀನಿಂಗ್‌ಗೆ ಮುಂಚೆ: 18 ನಿಮಿಷದ ಆಟ

ಗೋಧಿ, ಬಾರ್ಲಿ, ಓಟ್ಸ್, ರೈ, ಸ್ಪೆಲ್ಟ್, ಈ ಐದು ಧಾನ್ಯದ ಹಿಟ್ಟಿಗೆ ನೀರು ಬಿದ್ದು 18 ನಿಮಿಷದೊಳಗೆ ಬೇಯ್ಲಿಲ್ಲ ಅಂದ್ರೆ ಅದು ಹುಳಿ ಬಂದ ಹಾಗೆ, ಹಮೆಟ್ಸ್, ಹಬ್ಬದಲ್ಲಿ ಮನೇಲಿ ಇರೋ ಹಾಗಿಲ್ಲ. ಗುಲಾಮರು ಹೊರಟಾಗ ಹಿಟ್ಟು ಉಬ್ಬೋಕೂ ಟೈಮ್ ಇರ್ಲಿಲ್ಲ ಅನ್ನೋದರ ನೆನಪು. ಈ ಆತುರವನ್ನ ಬಾಯಲ್ಲಿ ಹೇಳಿದ್ರೆ ಮಕ್ಕಳಿಗೆ ಹತ್ತಲ್ಲ, ಮಾಡಿಸ್ಬೇಕು. ಓವನ್ 250 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿಟ್ಟು, ಎರಡು ಕಪ್ ಮೈದಾ, ಮುಕ್ಕಾಲು ಕಪ್ ನೀರು ಅಳೆದಿಟ್ಕೊಳ್ಳಿ. ಉಪ್ಪಿಲ್ಲ, ಎಣ್ಣೆ ಇಲ್ಲ. ಫೋನಲ್ಲಿ 18 ನಿಮಿಷ ಟೈಮರ್ ಇಟ್ಟು ನೀರು ಹುಯ್ಯಿರಿ. ಕಲಸಿ, ಚಪಾತಿಗಿಂತ ತೆಳ್ಳಗೆ ಲಟ್ಟಿಸಿ, ಫೋರ್ಕ್‌ನಿಂದ ತುಂಬಾ ತೂತು ಮಾಡಿ, ಟ್ರೇ ಮೇಲೆ ಎಸೆದು ಓವನ್‌ಗೆ, ಮೂರ್ನಾಲ್ಕು ನಿಮಿಷ. ಲಟ್ಟಣಿಗೆ ವಿಷಯದಲ್ಲಿ ಈ ಮನೇಲಿ ನನ್ನನ್ನ ಮೀರ್ಸೋರಿಲ್ಲ, ಆದ್ರೂ ಮಗ ಅರ್ಧ ಹಿಟ್ಟನ್ನ ನೆಲಕ್ಕೆ ಹಾಕಿದ ವರ್ಷ 21 ನಿಮಿಷ ಆಯ್ತು, ಅವನೇ ಟೈಮರ್ ನೋಡಿ "ಅಯ್ಯೋ ಫರೋಹ ಹಿಡ್ಕೊಂಡ" ಅಂದ.

ಇದು ಆಟಕ್ಕೆ ಮಾತ್ರ, ಸೇಡರ್‌ಗೆ ಇಡೋ ಹಾಗಿಲ್ಲ. ಅದಕ್ಕೆ ಅಂಗಡಿ ಡಬ್ಬಾನೇ ತನ್ನಿ, ಮೇಲೆ ಕೋಷರ್ ಫಾರ್ ಪಾಸೋವರ್ ಅಂತ ಇರ್ಬೇಕು, ವರ್ಷಪೂರ್ತಿ ಸಿಗೋ ಮಾಟ್ಸಾ ಎಲ್ಲವೂ ಹಬ್ಬಕ್ಕೆ ನಡೆಯಲ್ಲ. ಮತ್ತೆ ಈ ಆಟ ಅಡುಗೆಮನೆ ತೊಳೆಯೋಕೆ ಮುಂಚೆ ಆಗ್ಬೇಕು, ಆಮೇಲೆ ಮೈದಾ ಚೀಲ ಬಿಚ್ಚಿದ್ರೆ ನಿಮ್ಮ ಅತ್ತೆ ಮುಖ ನೋಡೋಕಾಗಲ್ಲ.

ಇಂಗಿನ ಡಬ್ಬಿ ಹೊರಗೆ

ಕ್ಲೀನಿಂಗ್ ದೊಡ್ಡವರಿಗೆ ಶಿಕ್ಷೆ, ಮಕ್ಕಳಿಗೆ ಪತ್ತೇದಾರಿ ಕೆಲಸ, ಹಾಗೇ ಹಂಚಿ. ಓದೋಕೆ ಬರೋ ಮಗುಗೆ ಡಬ್ಬಿಗಳ ಹಿಂದಿನ ಇಂಗ್ರೀಡಿಯೆಂಟ್ಸ್ ಓದೋ ಕೆಲಸ ಕೊಡಿ. ನಮ್ಮನೇಲಿ ಮಗಳು ಏಳನೇ ವಯಸ್ಸಲ್ಲಿ ಇಂಗಿನ ಡಬ್ಬಿ ತಿರುಗಿಸಿ "ಅಮ್ಮ, ಇದ್ರಲ್ಲಿ ಗೋಧಿ ಹಿಟ್ಟಿದೆ!" ಅಂತ ಕಿರುಚಿದ್ಲು. ಎಷ್ಟೋ ವರ್ಷದಿಂದ ಒಗ್ಗರಣೆಗೆ ಹಾಕ್ತಿದ್ದೀನಿ, ಹಬ್ಬದಲ್ಲೂ ಹಾಕಿದ್ದೀನಿ, ನನಗೇ ಗೊತ್ತಿರ್ಲಿಲ್ಲ! ಅತ್ತೆಗೆ ಹೇಳ್ಬೇಕಾ ಬೇಡ್ವಾ ಅಂತ ಒಂದು ನಿಮಿಷ ಯೋಚನೆ ಮಾಡಿದೆ, ಅಷ್ಟರಲ್ಲಿ ಅವಳೇ ಫೋನ್ ಮಾಡಿ ಹೇಳಿಬಿಟ್ಟಿದ್ಲು.

ಪೂರ್ವ ಯುರೋಪಿನ ಮೂಲದ ಅಶ್ಕೆನಾಜಿ ಮನೆಗಳಲ್ಲಿ ಕಿಟ್ನಿಯೋಟ್ ಅಂತ ಇನ್ನೊಂದು ಪಟ್ಟಿ ಇದೆ, ಹಬ್ಬದಲ್ಲಿ ಅದನ್ನೂ ತಿನ್ನಲ್ಲ, ಅಕ್ಕಿ, ಬೇಳೆ, ಕಾಳು, ಮೆಕ್ಕೆಜೋಳ, ಸಾಸಿವೆನೂ ಅದರಲ್ಲೇ. ಸ್ಪೇನ್, ಪೋರ್ಚುಗಲ್ ಮೂಲದ ಸೆಫಾರ್ದಿಗಳು, ಮುಂಬೈ ಕೊಂಕಣದ ಬೆನೆ ಇಸ್ರೇಲಿಗಳು ಅಕ್ಕಿ ತಿಂತಾರೆ. 2015ರ ಕೊನೆಯಲ್ಲಿ ಅಮೆರಿಕದ ಕನ್ಸರ್ವೇಟಿವ್ ಪಂಥದ ರಬ್ಬಿಗಳ ಕಮಿಟಿ ಅಶ್ಕೆನಾಜಿಗಳೂ ತಿನ್ಬಹುದು ಅಂತ ಹೇಳ್ತು, ಅತ್ತೆ ಮಾತ್ರ ಒಪ್ಪಿಲ್ಲ, ನಮ್ಮಮ್ಮ ಏಕಾದಶಿಗೆ ಅನ್ನ ಮುಟ್ಟದಿರೋ ಹಾಗೆ ಅಂತ ಅಂದ್ಕೊಂಡು ನಾನೂ ವಾದ ಬಿಟ್ಟೆ. ನಿಮ್ಮನೆ ಪದ್ಧತಿ ಯಾವುದು ಅಂತ ಮೊದಲೇ ಹಿರಿಯರನ್ನ ಕೇಳ್ಕೊಳ್ಳಿ, ಮಕ್ಕಳ ಮುಂದೆ ಟೇಬಲ್‌ನಲ್ಲಿ ಜಗಳ ಬೇಡ.

ಎಲ್ಲ ಹಮೆಟ್ಸ್ ಒಂದು ಕಪಾಟಿಗೆ ತುಂಬಿ ಟೇಪ್ ಹಾಕಿ ಮುಚ್ಚಿ, ಬಾಗಿಲ ಮೇಲೆ ಮಕ್ಕಳು ಬೋರ್ಡ್ ಬರೀಲಿ. ರಬ್ಬಿ ಮೂಲಕ ಅದನ್ನ ಯಹೂದಿ ಅಲ್ಲದವರಿಗೆ ಕಾಗದದ ಮೇಲೆ ಮಾರಿ, ಹಬ್ಬ ಮುಗಿದ ಮೇಲೆ ವಾಪಸ್ ತಗೋತಾರೆ. ಇಸ್ರೇಲ್‌ನಲ್ಲಿ ಕೇರ್‌ಗಿವರ್ ಕೆಲಸದಲ್ಲಿರೋ ಮಂಗಳೂರು, ಉಡುಪಿ ಕಡೆಯವರು ಇದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲರು, ಅಲ್ಲಿ ಸೂಪರ್‌ಮಾರ್ಕೆಟ್‌ನಲ್ಲೇ ಬ್ರೆಡ್ ಬಿಸ್ಕೆಟ್ ಶೆಲ್ಫ್‌ಗಳಿಗೆ ಪರದೆ ಹಾಕಿರ್ತಾರೆ.

ಹಿಂದಿನ ರಾತ್ರಿ: ಟಾರ್ಚ್ ಬೇಟೆ

ಮಕ್ಕಳಿಗೆ ಇದೇ ಫೇವರಿಟ್. ಬ್ರೆಡ್ಡಿನ ಹತ್ತು ತುಂಡು ಮನೇಲಿ ಅಲ್ಲಲ್ಲಿ ಇಟ್ಟು, ಲೈಟ್ ಆರಿಸಿ, ಕ್ಯಾಂಡಲ್, ಹಕ್ಕಿಗರಿ, ಮರದ ಚಮಚ ಹಿಡ್ಕೊಂಡು ಹುಡುಕೋದು. ಗರಿಯಿಂದ ಚಮಚಕ್ಕೆ ಗುಡಿಸ್ಕೊಳ್ಬೇಕು. ಚಿಕ್ಕ ಮಕ್ಕಳಿಗೆ ಕ್ಯಾಂಡಲ್ ಬದಲು ಟಾರ್ಚ್ ಕೊಡಿ, ಕರ್ಟನ್ ಹತ್ಕೊಂಡ್ರೆ ಹಬ್ಬವೇ ಇರಲ್ಲ. ಪ್ರತಿ ತುಂಡನ್ನೂ ಪೇಪರ್‌ನಲ್ಲಿ ಸುತ್ತಿ, ಇಲ್ಲಾಂದ್ರೆ ತೊಳೆದ ಮನೆ ತುಂಬಾ ಮತ್ತೆ ಪುಡಿ. ಎಲ್ಲೆಲ್ಲಿ ಇಟ್ರಿ ಅಂತ ದಯವಿಟ್ಟು ಬರೆದಿಟ್ಕೊಳ್ಳಿ. ನಾವು ಒಂದು ವರ್ಷ ಒಂಬತ್ತೇ ಹುಡುಕಿದ್ವಿ, ಹತ್ತನೇದು ಜೂನ್‌ನಲ್ಲಿ ಮಗಳ ಮಳೆ ಬೂಟಲ್ಲಿ ಸಿಕ್ತು, ಹಸಿರು ಬಣ್ಣಕ್ಕೆ ತಿರುಗಿತ್ತು. ಮಾರನೇ ಬೆಳಗ್ಗೆ ಸಿಕ್ಕಿದ್ದನ್ನೆಲ್ಲ ಹಿತ್ತಲಲ್ಲಿ ಬಾರ್ಬೆಕ್ಯೂ ಗ್ರಿಲ್‌ನೊಳಗೆ ಹಾಕಿ ಸುಡ್ತೀವಿ, ಮಕ್ಕಳು ನಾಲ್ಕು ಹೆಜ್ಜೆ ಹಿಂದೆ.

ಹಬ್ಬದ ದಿನ: ಹೊಟ್ಟೆ ಮತ್ತು ನಿದ್ದೆ

ಇಲ್ಲೇ ಎಲ್ಲರೂ ಎಡವೋದು. ಅವತ್ತು ಹಗಲು ಬ್ರೆಡ್ ಇಲ್ಲ, ಸೇಡರ್‌ವರೆಗೂ ಮಾಟ್ಸಾನೂ ತಿನ್ನಬಾರದು, ಮಕ್ಕಳು ತಿನ್ನೋದೇನು? ಆಲೂಗಡ್ಡೆ. ನಾನು ಸಾಸಿವೆ, ಇಂಗು, ಬೇಳೆ ಏನೂ ಇಲ್ಲದೆ ಬರೀ ಈರುಳ್ಳಿ, ಹಸಿಮೆಣಸು, ಅರಿಶಿನ ಹಾಕಿ ಪಲ್ಯ ಮಾಡ್ತೀನಿ, ಜೊತೆಗೆ ಬೇಯಿಸಿದ ಮೊಟ್ಟೆ, ಹಣ್ಣು, ಮೊಸರು. ಮಧ್ಯಾಹ್ನ ಎರಡು ಗಂಟೆ ಮಲಗಿಸಿ, ಬೈದಾದ್ರೂ ಮಲಗಿಸಿ. ಕಟ್ಟುನಿಟ್ಟಾದ ಮನೆಗಳಲ್ಲಿ ಕತ್ತಲಾದ ಮೇಲೇ ಸೇಡರ್, ನಮ್ಮಲ್ಲಿ ಮಕ್ಕಳಿಗೋಸ್ಕರ ಆರಕ್ಕೇ ಕೂರ್ತೀವಿ.

ಹರೋಸೆಟ್ ಮಕ್ಕಳ ಕೈಯಲ್ಲೇ ಮಾಡ್ಸಿ. ಮೂರು ಸೇಬು ಸಣ್ಣಗೆ ಹೆಚ್ಚಿ, ಒಂದು ಕಪ್ ವಾಲ್‌ನಟ್ ಪುಡಿ, ಒಂದು ಚಮಚ ದಾಲ್ಚಿನ್ನಿ ಪುಡಿ, ಎರಡು ಚಮಚ ಜೇನು, ಕಾಲು ಕಪ್ ದ್ರಾಕ್ಷಿ ಜ್ಯೂಸ್, ಕಲಸಿದ್ರೆ ಮುಗೀತು. ಇರಾಕಿ ಯಹೂದಿಗಳು ಖರ್ಜೂರದ ಪಾಕಕ್ಕೆ ವಾಲ್‌ನಟ್ ಹಾಕಿ ಮಾಡ್ತಾರೆ, ನನ್ನ ನಾಲಿಗೆಗೆ ಅದೇ ಇಷ್ಟ. ಇದು ಗುಲಾಮರು ಇಟ್ಟಿಗೆ ಕಟ್ಟೋಕೆ ಕಲಸಿದ ಗಾರೆಯ ಗುರುತು, ಆದ್ದರಿಂದ ನೋಡೋಕೆ ಚೆನ್ನಾಗಿಲ್ಲದಿದ್ರೆ ಇನ್ನೂ ಒಳ್ಳೇದು, ಮಕ್ಕಳಿಗೆ ಹಾಗೇ ಹೇಳಿ.

ಟೇಬಲ್ ಮುಂದೆ: ಕೈಗೆ ಕೆಲಸ

ಪ್ರತಿ ಮಗುಗೂ ತನ್ನ ದಿಂಬು ತರೋಕೆ ಹೇಳಿ, ಒರಗೋದು ಅಂದ್ರೆ ನಾವೀಗ ಗುಲಾಮರಲ್ಲ ಅಂತ. ಎರಡು ಸಲ ಕೈ ತೊಳೆಯೋದಿದೆ, ಒಬ್ಬರು ತಂಬಿಗೆ, ಒಬ್ಬರು ಟವೆಲ್. ಮೈಸೂರಿಂದ ತಂದ ಹಿತ್ತಾಳೆ ತಂಬಿಗೆ ಈ ಮನೇಲಿ ವರ್ಷಕ್ಕೊಮ್ಮೆ ಕೆಲಸಕ್ಕೆ ಬರತ್ತೆ. ದೊಡ್ಡವರಿಗೆ ನಾಲ್ಕು ಲೋಟ ವೈನ್, ಮಕ್ಕಳಿಗೆ ದ್ರಾಕ್ಷಿ ಜ್ಯೂಸ್, ಚಿಕ್ಕ ಚಿಕ್ಕ ಲೋಟ ಇಡಿ, ನಾಲ್ಕನೇದರ ಹೊತ್ತಿಗೆ ಟೇಬಲ್ ಕ್ಲಾತ್ ಹೇಗೂ ನೇರಳೆ ಆಗಿರತ್ತೆ, ಬಿಳಿ ಹಾಸ್ಬೇಡಿ.

ಮೂರನೇ ಹಂತ ಕರ್ಪಸ್, ಪಾರ್ಸ್ಲಿ ಸೊಪ್ಪನ್ನ ಕಣ್ಣೀರಿನ ಗುರುತಾದ ಉಪ್ಪುನೀರಲ್ಲಿ ಅದ್ದಿ ತಿನ್ನೋದು. ಬಹಳ ಮನೇಲಿ ಒಂದು ಎಸಳು ಕೊಟ್ಟು ಮುಂದೆ ಹೋಗ್ತಾರೆ, ಆಮೇಲೆ ಒಂದೂವರೆ ಗಂಟೆ ಹೊಟ್ಟೆಗಿಲ್ಲ. ಇದನ್ನ ದೊಡ್ಡದು ಮಾಡಿ! ತರಕಾರಿಗೆ ಹೇಳೋ ಪ್ರಾರ್ಥನೆ ಆಗಿದ್ಮೇಲೆ ಬೇಯಿಸಿದ ಆಲೂಗಡ್ಡೆ, ಸೌತೆಕಾಯಿ, ಕ್ಯಾರೆಟ್, ಅವಕಾಡೊ ಎಲ್ಲ ಒಂದು ದೊಡ್ಡ ತಟ್ಟೇಲಿ ಮಕ್ಕಳ ಮುಂದೆ ಇಟ್ಬಿಡಿ, ಕಥೆ ಮುಗಿಯೋವರೆಗೂ ಅದ್ದಿಕೊಂಡು ತಿಂತಿರ್ಲಿ. ನಮ್ಮನೆ ಸೇಡರ್ ಉಳಿಸಿದ್ದು ಈ ತಟ್ಟೆ, ಬೇರೇನೂ ಅಲ್ಲ.

ಆಮೇಲೆ ಮೂರು ಮಾಟ್ಸಾದಲ್ಲಿ ಮಧ್ಯದ್ದನ್ನ ಮುರೀತಾರೆ. ಎಲ್ಲರೂ ಸುಮ್ಮನಾಗಿ, ಆ "ಪಟ್" ಶಬ್ದ ಮಕ್ಕಳಿಗೆ ಕೇಳಿಸ್ಬೇಕು. ದೊಡ್ಡ ತುಂಡು ಅಫಿಕೋಮನ್, ಬಚ್ಚಿಡೋದು.

ಕಥೆ ಹೇಳೋ ಭಾಗ ಅತೀ ಉದ್ದ, ಪುಟ ಪುಟ ಓದಿದ್ರೆ ಸತ್ತೇಹೋಗತ್ತೆ. ಪುಸ್ತಕ ಮಡಚಿ, ಬಾಯಲ್ಲಿ ಹೇಳಿ. ಇರಾಕ್, ಯೆಮೆನ್ ಕಡೆಯ ಮನೆಗಳಲ್ಲಿ ಒಂದು ಚಂದದ ಪದ್ಧತಿ ಇದೆ, ಮಗು ಬಟ್ಟೇಲಿ ಕಟ್ಟಿದ ಮಾಟ್ಸಾ ಗಂಟನ್ನ ಹೆಗಲ ಮೇಲೆ ಹಾಕ್ಕೊಂಡು ಬರತ್ತೆ, ಎಲ್ಲಿಂದ ಬಂದೆ ಅಂದ್ರೆ ಈಜಿಪ್ಟ್‌ನಿಂದ, ಎಲ್ಲಿಗೆ ಹೋಗ್ತಿದ್ದೀಯ ಅಂದ್ರೆ ಜೆರುಸಲೇಮಿಗೆ. ನಮ್ಮ ಮಗನಿಗೆ ನನ್ನ ಹಳೇ ಕಾಟನ್ ಸೀರೆ ಸೆರಗಿನ ತುಂಡೇ ಬೇಕು. "ಎಲ್ಲಿಂದ ಬಂದ್ಯೋ?" ಅಂತ ಕನ್ನಡದಲ್ಲಿ ಕೇಳಿದ್ರೆ ಒಂದು ವರ್ಷ "ಬಾತ್‌ರೂಮಿಂದ" ಅಂದ, ನಡೆಯತ್ತೆ. ಪರ್ಷಿಯನ್ ಯಹೂದಿಗಳು ದಯೇನು ಹಾಡೋವಾಗ ಈರುಳ್ಳಿ ಹೂವಿನ ಕಂತೆ ತಗೊಂಡು ಒಬ್ಬರಿಗೊಬ್ಬರು ಮೆಲ್ಲಗೆ ಬಾರಿಸ್ತಾರೆ, ಚಾಟಿಯೇಟಿನ ನೆನಪಿಗೆ. ಹತ್ತು ನಿಮಿಷ ಅನುಮತಿ ಕೊಡಿ, ಅಜ್ಜನಿಗೆ ಹೊಡೆಯೋ ಅವಕಾಶ ಯಾವ ಮಗು ಬಿಡತ್ತೆ?

ಫರೋಹ ಗುಲಾಮರನ್ನ ಬಿಡದಿದ್ದಕ್ಕೆ ದೇವರು ಈಜಿಪ್ಟ್ ಮೇಲೆ ತಂದ ಹತ್ತು ಬಾಧೆಗಳ ವಿಷಯದಲ್ಲಿ ನನ್ನದೊಂದು ತಕರಾರು. ಪ್ಲಾಸ್ಟಿಕ್ ಕಪ್ಪೆ, ಮಿಡತೆ ಇರೋ ಆಟದ ಸೆಟ್‌ಗಳು ಅಂಗಡೀಲಿ ಸಿಗ್ತವೆ, ಕಪ್ಪೆವರೆಗೂ ಸರಿ, ಕೊನೇ ಬಾಧೆ ಚೊಚ್ಚಲ ಮಕ್ಕಳ ಸಾವು, ಅದಕ್ಕೂ ಒಂದು ಬೆರಳು ಬೊಂಬೆ ಮಾಡಿರ್ತಾರೆ, ನನಗೆ ಅದು ಸರಿಬರಲ್ಲ. ಒಂದೊಂದು ಬಾಧೆ ಹೆಸರು ಹೇಳೋವಾಗ ಬೆರಳು ಅದ್ದಿ ಲೋಟದಿಂದ ಒಂದು ತೊಟ್ಟು ತಟ್ಟೆಗೆ ತೆಗೀತಾರಲ್ಲ, ಶತ್ರುಗಳಾದ್ರೂ ಅವರ ನೋವಿಗೆ ನಮ್ಮ ಖುಷಿಯ ಲೋಟ ಸ್ವಲ್ಪ ಖಾಲಿ ಆಗ್ಬೇಕು ಅಂತ, ಅದನ್ನೇ ನಿಧಾನಕ್ಕೆ ಮಾಡಿಸಿ, ಆ ಬೆರಳು ನೆಕ್ಕಬಾರದು ಅಂತಲೂ ಹೇಳ್ತಾರೆ. ಮಗಳು ಆರು ವರ್ಷದವಳಿದ್ದಾಗ "ಆ ಮಕ್ಕಳು ಏನು ತಪ್ಪು ಮಾಡಿದ್ರು?" ಅಂತ ಕೇಳಿದ್ಲು. ಟೇಬಲ್ ಪೂರ್ತಿ ನಿಶ್ಶಬ್ದ. ಏನೂ ಮಾಡಿರ್ಲಿಲ್ಲ ಅಂದ್ರು ಅವಳ ತಾತ, ಅಷ್ಟಕ್ಕೇ ನಿಲ್ಲಿಸಿದ್ರು, ಅದೇ ಸರಿ ಅನ್ಸ್ತು ನನಗೆ.

ಕಹಿಗೆ ಹಾರ್ಸ್‌ರ್ಯಾಡಿಶ್ ಅನ್ನೋ ಗೆಡ್ಡೆ ತುರಿದು ಇಡ್ತಾರೆ, ಖಾರ ನಾಲಿಗೆಗಲ್ಲ, ನೇರ ಮೂಗಿಗೆ ಏರತ್ತೆ. ಮಕ್ಕಳಿಗೆ ರೊಮೇನ್ ಲೆಟ್ಯೂಸ್ ಎಲೆ ಸಾಕು, ಅದೂ ಮರೋರ್, ಅಂದ್ರೆ ಸೇಡರ್‌ನ ಕಹಿ, ಆಗಿ ನಡೆಯತ್ತೆ. ಆಮೇಲೆ ಕಹಿ, ಹರೋಸೆಟ್ ಎರಡನ್ನೂ ಮಾಟ್ಸಾ ನಡುವೆ ಇಟ್ಟು ತಿನ್ನೋವಾಗ ಕನ್ನಡದವರೆಲ್ಲರ ಬಾಯಲ್ಲೂ ಮೊದಲು ಬರೋದು ಬೇವು-ಬೆಲ್ಲ. ನಾನೂ ಅಂದಿದ್ದೆ, ಆದ್ರೆ ಇಲ್ಲಿ ಸಿಹಿಯೂ ಗಾರೆಯದ್ದೇ ಅಂತ ಮಗಳು ನನ್ನನ್ನೇ ತಿದ್ದಿದ್ಲು.

ಅಫಿಕೋಮನ್ ಮತ್ತು ಬಾಗಿಲು

ಊಟ ಆದ್ಮೇಲೆ ಆ ಬಚ್ಚಿಟ್ಟ ತುಂಡು ಸಿಗದೆ ಸೇಡರ್ ಮುಂದಕ್ಕೆ ಹೋಗಲ್ಲ, ಹಾಗಾಗಿ ಮಕ್ಕಳ ಕೈಯಲ್ಲಿ ಪೂರ್ತಿ ಪವರ್. ಕೆಲವು ಮನೇಲಿ ದೊಡ್ಡವರು ಬಚ್ಚಿಟ್ಟು ಮಕ್ಕಳು ಹುಡುಕ್ತಾರೆ, ಕೆಲವು ಕಡೆ ಮಕ್ಕಳೇ ಕದ್ದು ಚೌಕಾಸಿ ಮಾಡ್ತಾರೆ. ರೂಲ್ಸ್ ಮೊದಲೇ ಹೇಳಿ: ಒಂದೇ ರೂಮು, ಚಿಕ್ಕವನ ಕೈಗೆ ಎಟಕೋ ಎತ್ತರ, ಸಿಕ್ಕಿದವರಿಗೆ ಮಾತ್ರ ಅಲ್ಲ, ಎಲ್ಲರಿಗೂ ಒಂದೇ ಬೆಲೆಯ ಗಿಫ್ಟ್. ನಾನು ಒಂದು ವರ್ಷ ಅತಿ ಬುದ್ಧಿವಂತಿಕೆ ತೋರ್ಸಿ ಯಾರೂ ನೋಡದ ಜಾಗ ಅಂತ ಟೇಪ್ ಕಿತ್ತು ಆ ಹಮೆಟ್ಸ್ ಕಪಾಟಲ್ಲೇ ಅಟ್ಟಾ ಡಬ್ಬದ ಮೇಲೆ ಇಟ್ಟಿದ್ದೆ. ಅತ್ತೆ ಬಣ್ಣ ಬಿಳಿಚ್ಕೊಂಡ್ತು, ಆಮೇಲೆ ಕುರ್ಚಿ ಹಿಡ್ಕೊಂಡು ನಗೋಕೆ ಶುರು ಮಾಡಿದ್ರು. ಬೇರೆ ಮಾಟ್ಸಾ ತಂದು ಮುಗಿಸಿದ್ವಿ.

ಪ್ರವಾದಿ ಎಲೀಯನಿಗೆ ಅಂತ ಒಂದು ಲೋಟ ತುಂಬಿಟ್ಟು ಬಾಗಿಲು ತೆಗೆಯೋದು ಚಿಕ್ಕವನ ಕೆಲಸ. ಲೋಟದಲ್ಲಿ ಕಡಿಮೆ ಆಯ್ತಾ ಅಂತ ಕಣ್ಣು ಮಿಟುಕಿಸದೆ ನೋಡ್ತಾನೆ, ಅವರ ತಾತ ಟೇಬಲ್‌ನ ಮಂಡಿಯಲ್ಲಿ ಮೆಲ್ಲಗೆ ಅಲ್ಲಾಡಿಸ್ತಾರೆ. ಕೊನೇಲಿ ಹದ್ ಗದ್ಯಾ ಹಾಡು, ಆಡಿನ ಮರೀನ ಬೆಕ್ಕು ತಿಂತು, ಬೆಕ್ಕನ್ನ ನಾಯಿ ಕಚ್ತು, ನಾಯಿನ ಕೋಲು ಹೊಡೀತು, ಹೀಗೆ ಸೇರಿಸ್ಕೊಂಡು ಹೋಗೋದು. ಒಬ್ಬೊಬ್ಬರಿಗೆ ಒಂದೊಂದು ಪ್ರಾಣಿ ಸದ್ದು ಹಂಚಿ, ನಿದ್ದೆ ಬಂದವರೂ ಏಳ್ತಾರೆ. ಅಷ್ಟು ಹೊತ್ತು ಇರೋಕಾಗ್ದಿದ್ರೆ ಮಲಗಲಿ ಬಿಡಿ, ಪ್ರಶ್ನೆ ಕೇಳಾಯ್ತಲ್ಲ.

ಉಳಿದ ದಿನಗಳು

ಮೂರನೇ ದಿನದಿಂದ ಮಾಟ್ಸಾ ಮುಖ ನೋಡಿದ್ರೆ ಮಕ್ಕಳು ಓಡ್ತಾರೆ. ಸಾಸ್, ಚೀಸ್ ಹಾಕಿ ಓವನ್‌ನಲ್ಲಿಟ್ರೆ ಪಿಜ್ಜಾ, ನೀರಲ್ಲಿ ನೆನೆಸಿ ಮೊಟ್ಟೆ ಜೊತೆ ಬೆಣ್ಣೇಲಿ ಹುರಿದ್ರೆ ಮಾಟ್ಸಾ ಬ್ರೈ, ನಾನು ಅದಕ್ಕೆ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಹಾಕ್ತೀನಿ, ಅತ್ತೆನೂ ಈಗ ಹಾಗೇ ಕೇಳ್ತಾರೆ. ಅಂಗಡೀಲಿ ಹಳದಿ ಮುಚ್ಚಳದ ಕೋಕ್ ಬರತ್ತೆ, ಮೆಕ್ಕೆಜೋಳದ ಸಿರಪ್ ಬದಲು ಸಕ್ಕರೆ ಹಾಕಿದ್ದು, ಮಕ್ಕಳಿಗೆ ಒಂದು ಬಾಟಲ್ ಲಂಚ ಕೊಟ್ರೆ ತಪ್ಪಿಲ್ಲ. ಒಂದು ವಿಷಯ ಯಾರೂ ಹೇಳಲ್ಲ, ಮಾಟ್ಸಾ ಹೊಟ್ಟೆ ಕಟ್ಟತ್ತೆ. ಒಣದ್ರಾಕ್ಷಿ, ಕಿತ್ತಳೆ, ಬೇಯಿಸಿದ ಸೊಪ್ಪು, ತುಂಬಾ ನೀರು, ಮೊದಲ ದಿನದಿಂದಲೇ ಶುರು ಮಾಡಿ, ಐದನೇ ದಿನ ಮಗು ಅಳ್ತಾ ಕೂತ್ಮೇಲೆ ಅಲ್ಲ.

ಎಂಟನೇ ದಿನ ಕತ್ತಲಾದ್ಮೇಲೆ ಇಲ್ಲಿ ಪಿಜ್ಜಾ ಅಂಗಡಿಗಳ ಮುಂದೆ ಕ್ಯೂ. ನಾವು ಹೋಗಲ್ಲ. ಮಕ್ಕಳು ಕಪಾಟಿನ ಟೇಪ್ ಕೀಳ್ತಾರೆ, ನಾನು ಉಪ್ಪಿಟ್ಟಿಗೆ ಇಡ್ತೀನಿ, ರವೆ, ಸಾಸಿವೆ, ಕಡ್ಲೆಬೇಳೆ, ಉದ್ದಿನಬೇಳೆ, ಇಂಗು, ಎಂಟು ದಿನ ಬಿಟ್ಟಿದ್ದೆಲ್ಲ ಒಂದೇ ಬಾಣಲೇಲಿ. ವರ್ಷದ ಮಿಕ್ಕ ದಿನ ಉಪ್ಪಿಟ್ಟು ಅಂದ್ರೆ ಮೂಗು ಮುರಿಯೋ ಮಗ ಅವತ್ತು ಮಾತ್ರ ಎರಡು ಸಲ ಹಾಕಿಸ್ಕೊಳ್ತಾನೆ.